ಕ್ಯಾಮೆರಾಕ್ಕೊಂದು ಕಾಲುಚೀಲ

(ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.)

ಕೊಡಗಿನ ನಾಪೋಕ್ಲು ಕಡೆಯ ಒಂದು ತೋಟದ ಮನೆ. ಯಜಮಾನರಿಗೆ 52 ವರ್ಷ. ಮೆಣಸು ಕುಯ್ಯುವಾಗ ಏಣಿ ಜಾರಿ ಬಿದ್ದು, ಕುತ್ತಿಗೆ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿತ್ತು. ಕಾಲಿಗೆ ಬಲವಿಲ್ಲ. ತೋಳು ಎತ್ತುತ್ತಾರೆ, ಬೆರಳು ಮಡಚುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ಕ್ಯಾಮೆರಾ ಇರುವ, ಚಕ್ರದ ಮೇಲೆ ಓಡಾಡುವ ರೋಬೋಟ್ ಒಂದನ್ನು ತಂದಿಟ್ಟು ಹೋಗಿದ್ದ. ಅಲ್ಲಿಂದಲೇ ಫೋನಿನಲ್ಲಿ ಅದನ್ನು ಓಡಿಸುತ್ತಿದ್ದ.

"ಅದು ಬಂದಾಗಿನಿಂದ ಇವರು ಮಾತೇ ಬಿಟ್ಟಿದ್ದಾರೆ ಮೇಡಂ" ಅಂತ ಹೆಂಡತಿ ಫೋನ್ ಮಾಡಿದರು. ಇಂಥವರ ಮನೆಗೆ ಹೋಗಿ ದಿನದ ಕೆಲಸ ಸುಲಭ ಮಾಡಿಕೊಡುವುದು ನನ್ನ ಕೆಲಸ.

ಹೋದವಳು ನಾನೂ ಒಂದು ತಪ್ಪು ಮಾಡಿದೆ. ಅರ್ಧ ಗಂಟೆ ಹೆಂಡತಿ ಜೊತೆಗೇ ಮಾತಾಡಿದೆ. ಯಜಮಾನರು ಪಕ್ಕದಲ್ಲೇ ವೀಲ್‌ಚೇರಿನಲ್ಲಿದ್ದರು. ಕೊನೆಗೆ, "ನನ್ನನ್ನೂ ಒಂದು ಮಾತು ಕೇಳ್ತೀರಾ?" ಅಂದರು. ಹೊಸ ಯಂತ್ರ, ಭಯ ಇರಬಹುದು ಅಂದುಕೊಂಡಿದ್ದೆ. ಭಯವಲ್ಲ.

"ಇವಳು ನನಗೆ ಮೈ ಒರೆಸ್ತಿದ್ದಳು. ಅದು ಬಂದು ಬಾಗಿಲಲ್ಲಿ ನಿಂತಿತು. ನೋಡ್ತಿರೋದು ಮಗನೋ, ಅವನ ರೂಮಿನವರೋ, ನನಗೇನು ಗೊತ್ತು?"

ಇದಕ್ಕೆ ಸಮಾಧಾನ ಹೇಳಿ ಪ್ರಯೋಜನವಿಲ್ಲ ಅಲ್ವಾ? ಬೇರೆಯವರು ಓಡಿಸುವ ಯಂತ್ರಕ್ಕೂ ತಾವೇ ಓಡಿಸುವ ಯಂತ್ರಕ್ಕೂ ಬಹಳ ವ್ಯತ್ಯಾಸವಿದೆ ಅಂತ ಹೇಳಿ, ಹೆನ್ರಿ ಇವಾನ್ಸ್ ವಿಷಯ ತೆಗೆದೆ. ಅಮೆರಿಕದವರು. 2002ರಲ್ಲಿ ಪಾರ್ಶ್ವವಾಯುವಾಗಿ ಕೈಕಾಲು ಬಿದ್ದುಹೋಯಿತು, ಮಾತೂ ನಿಂತಿತು. ಆಮೇಲೆ ತಲೆಯ ಸಣ್ಣ ಅಲುಗಾಟ, ಬೆರಳಿನ ಒಂದು ಒತ್ತು, ಇಷ್ಟರಿಂದಲೇ ಪಿಆರ್2 ಅನ್ನುವ ರೋಬೋಟನ್ನು ನಡೆಸಿ, ತನ್ನ ಮುಖದ ತುರಿಕೆ ತಾನೇ ಕೆರೆದುಕೊಂಡರು. ಯಜಮಾನರು ಜೋರಾಗಿ ನಕ್ಕರು. "ಸೊಳ್ಳೆ ಕಚ್ಚಿದಾಗಲೆಲ್ಲ ಇವಳನ್ನ ಕೂಗ್ಬೇಕು ನಾನು!"

ಹೆಂಡತಿಯ ಆಸೆ ಬೇರೆ. ಎತ್ತಿ ಮಲಗಿಸಿ ಅವರ ಸೊಂಟ ಹೋಗಿದೆ. ಮನುಷ್ಯರನ್ನು ಎತ್ತುವ ಕರಡಿ ಮುಖದ ರೋಬೋಟಿನ ವಿಡಿಯೋವನ್ನು ಮಗ ತೋರಿಸಿದ್ದನಂತೆ. ಅದು ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆ 2015ರಲ್ಲಿ ತೋರಿಸಿದ ಪ್ರಯೋಗದ ಯಂತ್ರ, ಅಂಗಡಿಯಲ್ಲಿ ಸಿಗುವುದಲ್ಲ ಅಂತ ಬಿಡಿಸಿ ಹೇಳಿದೆ. ಸೊಂಟ ಉಳಿಯಬೇಕಾದರೆ ಜೋಲಿ ಇರುವ, ಕೈಯಲ್ಲೇ ಪಂಪ್ ಮಾಡಿ ಎತ್ತುವ ಸಾದಾ ಹಾಯ್ಸ್ಟ್ ಸಾಕು. ಕಕ್ಕಡದ ಮಳೆಗೆ ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ. ವೀಲ್‌ಚೇರಿಗೆ ಜೋಡಿಸುವ ರೋಬೋಟ್ ಕೈಗೆ ಲಕ್ಷಗಟ್ಟಲೆ ಬೇಕು. ಈಗ ಅದರ ಗೋಜಿಗೆ ಹೋಗಬೇಡಿ ಅಂದೆ.

ಮಗನಿಗೆ ಸ್ಪೀಕರಿನಲ್ಲಿ ಫೋನ್ ಮಾಡಿದೆವು. ನಾನು ಹೇಳಿದ್ದು ಇಷ್ಟು: ಓಡಿಸುವ ಆ್ಯಪ್ ಮೊದಲು ಅಪ್ಪನ ಫೋನಿಗೆ ಬರಲಿ. ಪಾಸ್‌ವರ್ಡ್ ಬದಲಾಯಿಸಿ. ನೀವು ನೋಡುವ ಮುಂಚೆ ಫೋನ್ ಮಾಡಿ ಕೇಳಿ. ಅವರು ಹೂಂ ಅನ್ನುವವರೆಗೆ ಕ್ಯಾಮೆರಾ ಮೇಲೆ ಕಾಲುಚೀಲ ಇರಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪಾ, ನಿಮ್ಮ ಬಗ್ಗೆ ಚಿಂತೆ ಆಗಿತ್ತು, ಅಷ್ಟೇ" ಅಂದ. ಪಾಪ, ಅದೂ ನಿಜ.

ಅಂಗೈಗೆ ಬಿಗಿಯುವ ಒಂದು ಪಟ್ಟಿ ಕೊಟ್ಟೆ. ಊಟಕ್ಕೆ ಅದಕ್ಕೆ ಚಮಚ ಸಿಕ್ಕಿಸಬಹುದು, ಫೋನ್ ಒತ್ತಲು ಸ್ಟೈಲಸ್. ಹೊಸ್ತಿಲಲ್ಲಿ ರೋಬೋಟ್ ಸಿಕ್ಕಿಕೊಳ್ಳುತ್ತಿತ್ತು. ಎರಡೂ ಕಡೆ ಇಳಿಜಾರಾಗಿ ಹಲಗೆ ಹಾಕಿಸಲು ಹೇಳಿದೆ.

ಎರಡು ತಿಂಗಳು ಬಿಟ್ಟು ಹೋದಾಗ ಕಾಫಿ ಒಣಗಿಸುವ ಕಾಲ. ರೋಬೋಟ್ ಒಳಗಿರಲಿಲ್ಲ, ಕಣದ ಅಂಚಿನಲ್ಲಿ ನಿಂತಿತ್ತು. ಕಾಲುಚೀಲ ಅವರ ತೊಡೆ ಮೇಲಿತ್ತು. ನನ್ನನ್ನು ಕಂಡು ತಲೆಯಾಡಿಸಿ ಮತ್ತೆ ಫೋನಿಗೆ ಬಗ್ಗಿದರು. ಹೊರಗೆ ರೋಬೋಟಿನಿಂದ ಅವರದೇ ದನಿ ಕೇಳಿಸಿತು: "ಆ ಮೂಲೆ ಕಾಫಿ ಯಾರೂ ಮಗುಚಿಲ್ಲ!"

"ನೋಡಿ, ಗೊಣಗಾಟ ಮತ್ತೆ ಶುರು" ಅಂದರು ಹೆಂಡತಿ, ಕಾಫಿ ತರಲು ಒಳಗೆ ಹೋಗುತ್ತಾ.