ಕ್ರೂಸ್ ಹಡಗಿನ ಕೆಲಸಕ್ಕೆ ಏಜೆಂಟ್ ಮೂರು ಲಕ್ಷ ಕೇಳುತ್ತಿದ್ದಾನೆ, ತಮ್ಮನನ್ನು ಕಳುಹಿಸಬಹುದೇ?

ಮೂರು ಲಕ್ಷ ರೂಪಾಯಿ ಕೊಟ್ಟು, ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ ಹಡಗಿಗಾಗಿ ಕಾಯಬೇಕೆಂದು ಏಜೆಂಟ್ ಹೇಳಿದ್ದಾನೆ, ಕೆಲಸ ಹಿಡಿಸದಿದ್ದರೆ ಅಮೆರಿಕದ ಬಂದರಿನಲ್ಲಿ ಇಳಿದು ಉಳಿದುಬಿಡಬಹುದೆಂದೂ ಧೈರ್ಯ ತುಂಬಿದ್ದಾನೆ ಎಂದು ನೀವು ಅಂಕೋಲೆಯಿಂದ ಬರೆದಿದ್ದೀರಿ. ದಯವಿಟ್ಟು ತಮ್ಮನನ್ನು ಕಳುಹಿಸಬೇಡಿ. ನಾನು ಕಾರವಾರದವನು, ಕ್ರೂಸ್ ಹಡಗಿನ ಹೌಸ್‌ಕೀಪಿಂಗ್‌ನಲ್ಲಿ ದುಡಿದವನು. ಬಂದರಿನಲ್ಲಿ ಇಳಿದು ಮರೆಯಾಗುವ ಹುಡುಗರಲ್ಲಿ ಹೆಚ್ಚಿನವರನ್ನು ಹಾಗೆ ಮಾಡಿಸುವುದು ಊರಿನಲ್ಲಿ ಮಾಡಿದ ಸಾಲವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಡಲ ಕಾರ್ಮಿಕರ ಒಪ್ಪಂದವಾದ ಎಂಎಲ್‌ಸಿ 2006ಕ್ಕೆ ಭಾರತ 2015ರಲ್ಲಿ ಸಮ್ಮತಿ ನೀಡಿದೆ. ಅದರ ಪ್ರಕಾರ ವೇಟರ್, ಅಡುಗೆಯವರು, ಕೋಣೆ ಗುಡಿಸುವವರು ಎಲ್ಲರೂ ನಾವಿಕರೇ, ಮತ್ತು ಕೆಲಸ ಕೊಡಿಸಿದ್ದಕ್ಕೆ ಅವರಿಂದ ಶುಲ್ಕ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ (ನಾವಿಕರ ಗುರುತಿನ ಪುಸ್ತಕ), ಪಾಸ್‌ಪೋರ್ಟ್‌ಗಳ ವೆಚ್ಚ ಮಾತ್ರ ನಮ್ಮದು. ವೀಸಾದ ವೆಚ್ಚವೂ ಹಡಗಿನ ಮಾಲೀಕರದ್ದು. ನೇಮಕಾತಿ ಮಾಡುವ ಸಂಸ್ಥೆಗೆ ಮುಂಬೈಯ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯ) ಕೊಡುವ ಆರ್‌ಪಿಎಸ್‌ಎಲ್, ಅಂದರೆ ನಾವಿಕರ ನೇಮಕಾತಿಯ ಪರವಾನಗಿ ಇರಲೇಬೇಕು. ಏಜೆಂಟ್‌ನ ವಿಸಿಟಿಂಗ್ ಕಾರ್ಡ್ ನಂಬಬೇಡಿ. ಪರವಾನಗಿ ಸಂಖ್ಯೆಯನ್ನೂ ಅವಧಿಯನ್ನೂ ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ನೀವೇ ನೋಡಿ. ಹಡಗಿನ ಹೆಸರು, ಸಂಬಳ, ಊರಿಗೆ ಮರಳುವ ಖರ್ಚು ಯಾರದು ಎಂಬುದನ್ನು ಬರೆದ ಉದ್ಯೋಗ ಒಪ್ಪಂದದ ಒಂದು ಪ್ರತಿ ಹೊರಡುವ ಮೊದಲು ಮನೆಯಲ್ಲಿರಲಿ. ಪಾಸ್‌ಪೋರ್ಟನ್ನು ಏಜೆಂಟ್‌ನ ಕಪಾಟಿನಲ್ಲಿ ಬಿಡಬೇಡಿ. ಅದು ಭಾರತ ಸರ್ಕಾರದ ಆಸ್ತಿ. (ವಲಸೆ ತಪಾಸಣೆಗಾಗಿ ಹಡಗಿನ ಕಚೇರಿಯಲ್ಲಿ ಇಡುವ ರೂಢಿ ಬೇರೆ.)

ಬಂದರಿನಲ್ಲಿ ಇಳಿದು ಉಳಿಯುವ ಮಾತಂತೂ ಬಲೆಯೇ ಸರಿ. ಅಮೆರಿಕದಲ್ಲಿ ಹಡಗಿನ ಸಿಬ್ಬಂದಿಗೆ ದೊರೆಯುವ ಅನುಮತಿ ಹೆಚ್ಚೆಂದರೆ 29 ದಿನಗಳದ್ದು, ಅದನ್ನು ಮುಂದುವರಿಸುವಂತಿಲ್ಲ. ಅಂಥ ಹುಡುಗನಿಗೆ ಕಾಗದಪತ್ರವೂ ಇಲ್ಲ, ಪೊಲೀಸರ ಬಳಿ ಹೋಗುವ ಧೈರ್ಯವೂ ಇಲ್ಲ; ಕೆಲಸಕ್ಕೆ ಇಟ್ಟುಕೊಂಡವನು ಹೇಳಿದ ಕೂಲಿಗೆ, ಹೇಳಿದಷ್ಟು ಹೊತ್ತು ದುಡಿಯಬೇಕಾಗುತ್ತದೆ. ಮಾನವ ಕಳ್ಳಸಾಗಣೆಗೆ ಬೇಕಾದುದು ಇಂಥ ಅಸಹಾಯಕತೆಯೇ.

ಸರಿಯಾದ ದಾರಿಯಲ್ಲಿ ಹೋದವರಿಗೂ ಹಡಗಿನಲ್ಲಿ ಅನ್ಯಾಯವಾಗಬಹುದು. ಆಗಲೂ ಹೇಳದೆ ಇಳಿದು ಹೋಗಬಾರದು. ಎರಡು ತಿಂಗಳ ಸಂಬಳ ಬಾರದಿದ್ದರೆ ಮಾಲೀಕರು ಕೈಬಿಟ್ಟಂತೆ ಎಂದು ಪರಿಗಣಿಸಲು ಎಂಎಲ್‌ಸಿಗೆ ಮಾಡಿ 2017ರಲ್ಲಿ ಜಾರಿಯಾದ ತಿದ್ದುಪಡಿ ಅವಕಾಶ ಕೊಡುತ್ತದೆ. ನಾಲ್ಕು ತಿಂಗಳವರೆಗಿನ ಬಾಕಿಯನ್ನೂ ಊರಿಗೆ ಮರಳುವ ಖರ್ಚನ್ನೂ ಭರಿಸುವ ಆರ್ಥಿಕ ಭದ್ರತೆಯ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಹಡಗಿನೊಳಗೇ ಲಿಖಿತ ದೂರು ಕೊಡಬಹುದು, ಬಂದರಿನ ತಪಾಸಣಾಧಿಕಾರಿಗೂ ಐಟಿಎಫ್ (ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ) ಇನ್‌ಸ್ಪೆಕ್ಟರ್‌ಗೂ ತಿಳಿಸಬಹುದು. ಜೀವಕ್ಕೇ ಅಪಾಯವಿದ್ದರೆ ನೇರವಾಗಿ ಬಂದರು ಪೊಲೀಸರನ್ನೋ ಭಾರತದ ಕಾನ್ಸುಲೇಟನ್ನೋ ಸೇರಬೇಕು.

ಮುಂಗಡವನ್ನು ಈಗಾಗಲೇ ಕೊಟ್ಟಿದ್ದರೆ ನಾಚಿಕೆಪಡಬೇಡಿ. ರಸೀದಿ, ವಾಟ್ಸಾಪ್ ಸಂದೇಶ, ಧ್ವನಿಮುದ್ರಣಗಳನ್ನು ಉಳಿಸಿಕೊಂಡು ಕಾರವಾರದ ಜಿಲ್ಲಾ ಪೊಲೀಸ್ ಕಚೇರಿಗೂ ಡಿಜಿ ಶಿಪ್ಪಿಂಗ್‌ಗೂ ದೂರು ಕೊಡಿ. ಹುಡುಗ ತಾನೇ ಒಪ್ಪಿದ್ದ ಎಂದು ಏಜೆಂಟ್ ವಾದಿಸಬಹುದು. ಆದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಡಿ ಮಾನವ ಕಳ್ಳಸಾಗಣೆ ಸಾಬೀತಾದರೆ, ಬಲಿಯಾದವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ.