ಪಾಸ್ಟರ್ ತಪ್ಪು ಮಾಡುವುದು ಗೊತ್ತಿದ್ದೂ ಚರ್ಚ್ ಸಿಬ್ಬಂದಿ ಯಾಕೆ ಸುಮ್ಮನಿರುತ್ತಾರೆ?

ನಿಮ್ಮ ಪಾಸ್ಟರ್ ಸಿಬ್ಬಂದಿಯನ್ನು ಎಲ್ಲರೆದುರು ಬೈಯುತ್ತಾರೆ, ಕಾಣಿಕೆ ಹಣದ ಲೆಕ್ಕ ಕೇಳಿದವರನ್ನು ದೂರ ಇಡುತ್ತಾರೆ, ಆದರೂ ಆಫೀಸಿನವರು ಬಾಯಿ ಬಿಡುವುದಿಲ್ಲ ಯಾಕೆ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಸ್ವತಂತ್ರ ಸಭೆಯ, ಅಂದರೆ ಯಾವ ದೊಡ್ಡ ಪಂಗಡಕ್ಕೂ ಸೇರದ ಚರ್ಚಿನ, ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದವಳು. ದಯವಿಟ್ಟು ಅವರನ್ನು ಹೇಡಿಗಳು ಅಂದುಕೊಳ್ಳಬೇಡಿ.

ಬೇರೆ ಕಡೆ ಮೇಲಿನವರ ಜೊತೆ ಜಗಳವಾದರೆ ಹೋಗುವುದು ಕೆಲಸ, ಅಷ್ಟೇ. ನಮ್ಮ ಸಭೆಯ ಡ್ರೈವರ್ ಅಣ್ಣನ ಮನೆ ಚರ್ಚ್ ಕಾಂಪೌಂಡಿನಲ್ಲೇ ಇತ್ತು. ಮಗಳ ಕಾಲೇಜು ಸೀಟಿಗೆ ಪಾಸ್ಟರ್ ಪತ್ರ ಬೇಕು. ಹೆಂಡತಿ ಹೋಗುವ ಮಹಿಳಾ ಕೂಟ ನಡೆಸುವವರು ಪಾಸ್ಟರಮ್ಮ. ನಾಳೆ ಮಗಳ ಮದುವೆ ಮಾಡಿಸುವವರೂ, ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿಸುವವರೂ ಅದೇ ಪಾಸ್ಟರ್. ಡ್ರೈವರ್ ಅಣ್ಣನ ಕೈಯಲ್ಲಿ ನೇಮಕದ ಪತ್ರವಿರಲಿಲ್ಲ, ಪಿಎಫ್ ಇರಲಿಲ್ಲ. ಕೇಳಿದರೆ ಪಾಸ್ಟರ್ 'ಇದು ಕೆಲಸ ಅಲ್ಲ ಬ್ರದರ್, ಸೇವೆ' ಅನ್ನುತ್ತಿದ್ದರು. ಅಂಥವರು ಯಾವ ಧೈರ್ಯದ ಮೇಲೆ ಎದುರು ಮಾತಾಡಬೇಕು, ಹೇಳಿ.

ಇದಕ್ಕಿಂತ ಗಟ್ಟಿ ಬೀಗ ಇನ್ನೊಂದಿದೆ. 'ದೇವರು ಅಭಿಷೇಕಿಸಿದವರನ್ನು ಮುಟ್ಟಬೇಡಿ' ಅನ್ನುವ ಮಾತು. ಬೈಬಲಿನ 105ನೇ ಕೀರ್ತನೆಯಲ್ಲಿ ಅದು ಬರುವುದು ಊರೂರು ಅಲೆಯುತ್ತಿದ್ದ ಅಬ್ರಹಾಮನ ಮನೆಯವರನ್ನು ರಾಜರಿಂದ ಕಾಪಾಡುವುದಕ್ಕೆ. ಬಲವಿಲ್ಲದವರ ಪರವಾದ ಮಾತನ್ನು ಬಲವಿರುವವರ ಕಾವಲಿಗೆ ನಿಲ್ಲಿಸಿದ್ದಾರೆ. ಬೈಬಲಿನದ್ದೇ ಇನ್ನೊಂದು ಪುಸ್ತಕ ಒಂದನೇ ತಿಮೊಥೆಯ, ಅದರ 5ನೇ ಅಧ್ಯಾಯದ ಕಥೆಯೂ ಅದೇ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಸಭೆಯ ಹಿರಿಯನ ಮೇಲೆ ದೂರು ತಗೋಬೇಡ ಅನ್ನುವ 19ನೇ ವಚನ ಓದುತ್ತಾರೆ. ತಪ್ಪು ಮಾಡಿದವರನ್ನು ಎಲ್ಲರ ಮುಂದೆ ಗದರಿಸು ಅನ್ನುವ 20ನೇ ವಚನಕ್ಕೆ ಬರುವುದೇ ಇಲ್ಲ. ನಂಬಿಕೆ ಇರುವವರನ್ನು ಇದು ನಿಜಕ್ಕೂ ಹೆದರಿಸುತ್ತೆ. ಪಾಸ್ಟರಿಗೆ ಅಲ್ಲ, ದೇವರಿಗೇ ಎದುರು ಮಾತಾಡಿದೆನೇನೋ ಅನ್ನಿಸಿ ರಾತ್ರಿ ನಿದ್ದೆ ಬರಲ್ಲ.

ಇದು ನಮ್ಮೂರಿನ ಬಡ ಸಿಬ್ಬಂದಿಯ ಕಷ್ಟ ಮಾತ್ರ ಅಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಮಾರ್ಸ್ ಹಿಲ್ ಅಂತ ದೊಡ್ಡ ಚರ್ಚ್ ಇತ್ತು. ಪಾಸ್ಟರ್ ಮಾರ್ಕ್ ಡ್ರಿಸ್ಕಾಲ್. 2007ರಲ್ಲಿ ಅಧಿಕಾರವೆಲ್ಲ ಕೆಲವರ ಕೈಗೇ ಹೋಗುವಂತೆ ನಿಯಮ ಬದಲಾಯಿಸಲು ಹೊರಟಾಗ ಆಕ್ಷೇಪಿಸಿದ ಇಬ್ಬರು ಪಾಸ್ಟರುಗಳನ್ನೇ ಕೆಲಸದಿಂದ ತೆಗೆದರು. ಉಳಿದವರಿಗೆ ಅಷ್ಟು ಸಾಕಾಯಿತು. ಕೆಲಸ ಬಿಟ್ಟುಹೋಗುವವರು ಬಿಡುವಾಗ ಸಿಗುವ ಪರಿಹಾರದ ಹಣ ಬೇಕಿದ್ದರೆ ಹೊರಗೆ ಮಾತಾಡುವುದಿಲ್ಲ ಅಂತ ಸಹಿ ಹಾಕಬೇಕಿತ್ತು. 2014ರ ಆಗಸ್ಟ್‌ನಲ್ಲಿ 21 ಮಾಜಿ ಪಾಸ್ಟರುಗಳು ಒಟ್ಟಾಗಿ ದೂರು ಕೊಟ್ಟರು. ಅಕ್ಟೋಬರ್‌ನಲ್ಲಿ ಡ್ರಿಸ್ಕಾಲ್ ರಾಜೀನಾಮೆ ಕೊಟ್ಟರು. ಗಮನಿಸಿ, ಆ 21 ಜನರೂ ಅಷ್ಟೊತ್ತಿಗೆ ಹೊರಗಿದ್ದವರು.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಸಂಬಳ ಚರ್ಚಿನಿಂದ ಬರುವುದಿಲ್ಲ ತಾನೇ? ಹಾಗಿದ್ದರೆ ಮೊದಲು ನೀವು ಕೇಳಿ. ಆಡಿಟ್ ಆದ ಲೆಕ್ಕ ಕೊಡಿ ಅಂತ ಇಬ್ಬರು ಮೂವರು ಸದಸ್ಯರು ಸೇರಿ ಚರ್ಚಿನ ಸಮಿತಿಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳದ ವಿಷಯವಿದ್ದರೆ ಸಭೆಯೊಳಗೆ ರಾಜಿ ಪಂಚಾಯ್ತಿ ಬೇಡ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಜನರಿಗಿಂತ ಕಡಿಮೆ ಕೆಲಸ ಮಾಡುವ ಕಡೆಯವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಏನೇ ಮಾಡಿ, ಆಫೀಸಿನ ಇಂಥವರು ಹೇಳಿದರು ಅಂತ ಮಾತ್ರ ಎಲ್ಲೂ ಬಾಯಿ ತಪ್ಪಿಯೂ ಹೇಳಬೇಡಿ.