ಕಮಾಂಡ್ ಲೈನ್ ಅಭ್ಯಾಸಕ್ಕೆ ಯಾವ ಸೀಕ್ವೆನ್ಸ್ ಫೈಲ್ ಒಳ್ಳೆಯದು?

ಎಂಎಸ್ಸಿ ಬಯೋಟೆಕ್ನಾಲಜಿ ಓದುತ್ತಿದ್ದೀರಿ, ಲಿನಕ್ಸ್ ಕಮಾಂಡುಗಳು ಬಾಯಿಪಾಠವಾಗಿವೆ, ಆದರೆ ಸೀಕ್ವೆನ್ಸ್ ಫೈಲ್ ಎದುರಿಗಿಟ್ಟರೆ ಕೈ ಓಡುವುದಿಲ್ಲ ಎಂದಿದ್ದೀರಿ. ನನ್ನ ಕಥೆಯೂ ಅದೇ ಆಗಿತ್ತು.

ಮನುಷ್ಯರ ಜೀನೋಮ್ ಇಳಿಸಿಕೊಳ್ಳಲು ಹೋಗಬೇಡಿ. ಉತ್ತರ ಮೊದಲೇ ಗೊತ್ತಿರುವ ಪುಟ್ಟ ಫೈಲ್ ಹಿಡಿಯಿರಿ. ಹೊಸಬರಿಗೆ ನಾನು ಕೊಡುವುದು ಫೈ-ಎಕ್ಸ್ 174. ಬ್ಯಾಕ್ಟೀರಿಯಾಕ್ಕೆ ತಗುಲುವ ವೈರಸ್ ಇದು. 1977ರಲ್ಲಿ ಫ್ರೆಡ್ರಿಕ್ ಸ್ಯಾಂಗರ್ ತಂಡ ಇಡಿಯಾಗಿ ಓದಿದ ಮೊದಲ ಡಿಎನ್‌ಎ ಜೀನೋಮ್. ಎನ್‌ಸಿಬಿಐ ಎಂಬ ಸಂಸ್ಥೆಯ ಸೀಕ್ವೆನ್ಸ್ ಭಂಡಾರದಲ್ಲಿ ಎನ್‌ಸಿ_001422 ಎಂದು ಹುಡುಕಿ, ಫಾಸ್ಟಾ ಫೈಲ್ (> ಚಿಹ್ನೆಯಿಂದ ಶುರುವಾಗುವ ಹೆಸರಿನ ಸಾಲು, ಅಂದರೆ ಹೆಡರ್; ಅದರ ಕೆಳಗೆ ಸೀಕ್ವೆನ್ಸ್) ಇಳಿಸಿಕೊಳ್ಳಿ. ಉದ್ದ 5,386 ಬೇಸ್, ಅಂದರೆ ಅಷ್ಟು ಡಿಎನ್‌ಎ ಅಕ್ಷರ.

ಇಳಿಸಿದ ಕೂಡಲೇ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ಹೆಡರ್ ಸಾಲುಗಳನ್ನು ಎಣಿಸೋಣ ಎಂದು ನಾನೊಮ್ಮೆ ಗ್ರೆಪ್ (ಫೈಲಿನ ಸಾಲುಗಳಲ್ಲಿ ಹುಡುಕುವ ಕಮಾಂಡ್) ಜೊತೆ > ಚಿಹ್ನೆಯನ್ನು ಕೋಟ್ಸ್ ಇಲ್ಲದೆ ಹಾಕಿ ಎಂಟರ್ ಒತ್ತಿದ್ದೆ. ಕಮಾಂಡುಗಳನ್ನು ಓದಿ ನಡೆಸುವ ಶೆಲ್‌ಗೆ ಅದು ಹೆಡರ್ ಅಲ್ಲ, 'ಔಟ್‌ಪುಟ್ ಈ ಫೈಲಿಗೆ ಬರೆ' ಎಂಬ ಅಪ್ಪಣೆ. ಗ್ರೆಪ್ ಶುರುವಾಗುವ ಮೊದಲೇ ಫೈಲ್ ಖಾಲಿ! ಎರಡು ದಿನ ಕೂತು ಜೋಡಿಸಿದ್ದ ಫೈಲ್ ಅದು. ಅಂದಿನಿಂದ ಕೋಟ್ಸ್ ಹಾಕಿದ ಮೇಲೇ ನನ್ನ ಬೆರಳು ಎಂಟರ್ ಕಡೆ ಹೋಗುವುದು.

ಈಗ ಎಣಿಕೆ. ಗ್ರೆಪ್‌ಗೆ -ವಿ ಕೊಟ್ಟು ಹೆಡರ್ ಬಿಟ್ಟು, ಉಳಿದದ್ದನ್ನು ಪೈಪ್ (ಒಂದು ಕಮಾಂಡಿನ ಔಟ್‌ಪುಟ್ ಇನ್ನೊಂದಕ್ಕೆ ದಾಟಿಸುವ | ಚಿಹ್ನೆ) ಮೂಲಕ ಎಣಿಸುವ ಕಮಾಂಡ್ ಡಬ್ಲ್ಯೂಸಿಗೆ ಕಳಿಸಿ ಅಕ್ಷರ ಎಣಿಸಿ. 5,386 ಬರಬೇಕಲ್ಲ? 5,463 ಬರುತ್ತದೆ. ಹೆಚ್ಚುವರಿ 77 ಎಲ್ಲಿಂದ ಬಂತು? ಸಾಲಿಗೆ 70 ಅಕ್ಷರದಂತೆ 77 ಸಾಲು, ಪ್ರತಿ ಸಾಲಿನ ಕೊನೆಗೊಂದು ಕಾಣದ ನ್ಯೂಲೈನ್. (ಫೈಲಿನ ತುದಿಯಲ್ಲಿ ಖಾಲಿ ಸಾಲಿದ್ದರೆ ಇನ್ನೊಂದು ಸೇರುತ್ತದೆ.) ಅಕ್ಷರ ಅಳಿಸಬಲ್ಲ ಟಿಆರ್ ಕಮಾಂಡ್ ಬಳಸಿ ನ್ಯೂಲೈನ್ ಅಳಿಸಿದರೆ ಲೆಕ್ಕ ಸರಿಹೋಗುತ್ತದೆ.

ಹೀಗೆ ಒಂದೇ ಸಾಲಾದದ್ದನ್ನು ಬೇರೆ ಫೈಲಿನಲ್ಲಿ ಉಳಿಸಿ, ಹೇ-3 ಎಂಜೈಮ್ ಕತ್ತರಿಸುವ ಜಿಜಿಸಿಸಿಯನ್ನು ಹುಡುಕಿ. ಗ್ರೆಪ್ -ಸಿ ಎಂದರೆ 1 ಬರುತ್ತದೆ, ಏಕೆಂದರೆ ಅದು ಎಣಿಸುವುದು ಸಾಲುಗಳನ್ನು. ಸಿಕ್ಕ ಪ್ರತಿಯೊಂದನ್ನೂ ಬೇರೆ ಸಾಲಿನಲ್ಲಿ ತೋರಿಸುವ -ಓ ಕೊಟ್ಟು ಡಬ್ಲ್ಯೂಸಿಯಿಂದ ಸಾಲು ಎಣಿಸಿ: 11. ಲ್ಯಾಬಿನಲ್ಲಿ ಡಿಎನ್‌ಎ ತುಂಡುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಲು ಜೆಲ್ ಓಡಿಸುವಾಗ ಮಾರ್ಕರ್ (ಅಳತೆಗೋಲು) ಆಗಿ ಹಾಕುವ ಫೈ-ಎಕ್ಸ್ ಹೇ-3 ಡೈಜೆಸ್ಟ್ (ಕತ್ತರಿಸಿದ ತುಂಡುಗಳ ಮಿಶ್ರಣ)‌ನಲ್ಲಿರುವುದೂ 11 ತುಂಡುಗಳೇ, 1,353ರಿಂದ 72 ಬೇಸ್‌ವರೆಗೆ. ಪರದೆಯ ಸಂಖ್ಯೆ ಜೆಲ್ಲಿಗೆ ತಾಳೆಯಾದಾಗ ಆಗುವ ಖುಷಿಯೇ ಬೇರೆ.

ಮುಂದಿನದು ನನಗೆ ಅತಿ ಇಷ್ಟದ್ದು. ಪಿಎಸ್‌ಟಿ-1 ಎಂಬ ಎಂಜೈಮ್ ಈ ಜೀನೋಮನ್ನು ಒಂದೇ ಕಡೆ ಕತ್ತರಿಸುತ್ತದೆ, ಸಿಟಿಜಿಸಿಎಜಿ ಇರುವಲ್ಲಿ. ಹುಡುಕಿ ನೋಡಿ, ಸೊನ್ನೆ! ಕಮಾಂಡ್ ತಪ್ಪಿಲ್ಲ. ಜೀನೋಮ್ ಉಂಗುರದಂತಿದೆ, ಫೈಲ್ ಮಾತ್ರ ಅದನ್ನು ಒಂದೆಡೆ ಕಡಿದು ನೇರ ಮಾಡಿದೆ. ಕಡಿದದ್ದು ಸರಿಯಾಗಿ ಆ ಜಾಗದಲ್ಲೇ: ಕೊನೆಯಲ್ಲಿ ಸಿಟಿಜಿಸಿಎ, ಆರಂಭದಲ್ಲಿ ಜಿ. ಹೆಡ್ ಕಮಾಂಡಿನಿಂದ ಮೊದಲ ಐದಕ್ಷರ ತೆಗೆದು ಬಾಲಕ್ಕೆ ಅಂಟಿಸಿ ಮತ್ತೆ ಹುಡುಕಿ. ಅದನ್ನು ಒಂದೇ ಪೈಪಿನಲ್ಲಿ ಮಾಡುವ ದಾರಿ ನೀವೇ ಕಂಡುಕೊಳ್ಳಿ, ಅರ್ಧ ದಿನ ಹೋದರೂ ಪರವಾಗಿಲ್ಲ.

ಇಷ್ಟಾದ ಮೇಲೆ, ಸೀಕ್ವೆನ್ಸಿಂಗ್ ಯಂತ್ರ ಓದಿದ ತುಣುಕುಗಳ (ರೀಡ್) ಫೈಲಾದ ಫಾಸ್ಟ್‌ಕ್ಯೂಗೆ ಹೋಗಿ. ಅಲ್ಲಿ ಪ್ರತಿ ರೀಡ್‌ಗೆ ನಾಲ್ಕು ಸಾಲು, ಮೊದಲನೆಯದು @ನಿಂದ ಶುರು. ಆದರೂ ರೀಡ್ ಎಣಿಸಲು @ ಹುಡುಕಬೇಡಿ. ಪ್ರತಿ ಅಕ್ಷರವನ್ನು ಎಷ್ಟು ನಂಬಬಹುದೆಂದು ಹೇಳುವ ಕ್ವಾಲಿಟಿ ಸಾಲೂ @ನಿಂದ ಶುರುವಾಗಬಹುದು. ಒಟ್ಟು ಸಾಲುಗಳನ್ನು ನಾಲ್ಕರಿಂದ ಭಾಗಿಸಿ.